ತುಕ್ಕು, ಒಂಬತ್ತನೇ ಸಂಚಿಕೆ

ಎಂಟಕ್ಕೇ ನಿಲ್ಲಿಸಿದ್ದ ಪತ್ರಿಕೆಯ ಒಂಬತ್ತನೇ ಸಂಚಿಕೆ ರಾಡಿಮ್ ಕುಬಾತ್‌ನ ಕೈಯಲ್ಲಿತ್ತು. ಬೆಳಿಗ್ಗೆ ಟ್ರಾಮಿನಲ್ಲಿ ಗೆಳೆಯನೊಬ್ಬ, "ಭೇಷ್ ಕಣೋ, ಮತ್ತೆ ಶುರು ಹಚ್ಕೊಂಡ್ಯಲ್ಲ" ಎಂದು ಬೆನ್ನು ತಟ್ಟಿ, ಅದನ್ನು ಕೋಟಿನೊಳಗೆ ತುರುಕಿ ಇಳಿದುಹೋಗಿದ್ದ.

ಶುರು ಮಾಡಿದ್ದು ಯಾರು? 'ತುಕ್ಕು' ಕಮ್ಯುನಿಸ್ಟ್ ಆಳ್ವಿಕೆಯ ಬ್ರನೋ ಊರಿನ ಪಂಕ್ ಸಂಗೀತದ ಹುಡುಗರ ಏಕೈಕ ಪತ್ರಿಕೆ. ಪರವಾನಗಿ ಇಲ್ಲ, ಮುದ್ರಣಾಲಯ ಇಲ್ಲ. ಕಾರ್ಬನ್ ಹಾಳೆ ಇಟ್ಟು ಟೈಪ್ ಮಾಡಿದ ಹನ್ನೆರಡು ಪ್ರತಿಗಳು ಕೈಯಿಂದ ಕೈಗೆ ದಾಟುತ್ತಿದ್ದವು. ಎಂಬತ್ತೈದರ ಮಾರ್ಚ್‌ನಲ್ಲಿ ಗುಪ್ತ ಪೊಲೀಸಿನ ಹನಾಕ್ ಸಾಹೇಬರು ಅದರ ಸಂಪಾದಕ ರಾಡಿಮ್‌ನನ್ನು ಕರೆಸಿ, ಇನ್ನು ಹೊರತರುವುದಿಲ್ಲವೆಂದು ಸಹಿ ಹಾಕಿಸಿಕೊಂಡಿದ್ದರು. ಅದಕ್ಕೂ ಹಿಂದಿನ ಎರಡು ವರ್ಷ 'ತುಕ್ಕಿ'ನ ಮೇಲೆ ಕಣ್ಣಿಡುವುದೇ ಅವರ ಪೂರ್ತಿ ನೌಕರಿಯಾಗಿತ್ತು. ಮಾತು ತಪ್ಪಿದರೆ ಒಂದು ವರ್ಷ ಜೈಲು. ರಾಡಿಮ್‌ನ ಮದುವೆಗೆ ಇನ್ನು ಹದಿಮೂರೇ ದಿನ.

ತಾನು ಕೆಲಸಕ್ಕಿದ್ದ ಆಸ್ಪತ್ರೆಯ ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲಿನ ಸಲಿಕೆ ಬದಿಗಿಟ್ಟು ಓದಿದ. ಅಕ್ಷರಗಳು ಕಡುಗಪ್ಪು, ಟೈಪ್‌ರೈಟರಿನ ರಿಬ್ಬನ್ ಹೊಚ್ಚ ಹೊಸದು. ಗ್ಯಾರೇಜಿನಲ್ಲಿ ನಡೆದ ಸಂಗೀತ ಕಛೇರಿಯ ವಿಮರ್ಶೆ ಹೀಗಿತ್ತು: "ಏಳು ಹತ್ತಕ್ಕೆ ಆರಂಭ. ಹಾಜರಿದ್ದವರು ನಲವತ್ತೊಂದು, ಅವರಲ್ಲಿ ಹೆಂಗಸರು ಹದಿನೆಂಟು. ಮೂರನೇ ಹಾಡಿನಲ್ಲಿ ಗಿಟಾರಿನ ತಂತಿ ಕಡಿಯಿತು. ಯಾರೂ ಕದಲಲಿಲ್ಲ. ನನ್ನ ಮೈ ಜುಮ್ಮೆಂದಿತು."

ಹೀಗೆ ತಲೆ ಎಣಿಸುವವರಲ್ಲಿ ಅವನಿಗೆ ಗೊತ್ತಿದ್ದವಳು ಒಬ್ಬಳೇ. ಅವನ ಕೈಹಿಡಿಯಲಿದ್ದ ಯಿಟ್ಕಾ, ಅಂಕಿಅಂಶ ಕಚೇರಿಯ ಟೈಪಿಸ್ಟ್. ಹಿಂದಿನ ಎಂಟನ್ನೂ ಟೈಪ್ ಮಾಡಿಕೊಟ್ಟವಳು ಅವಳೇ.

ಊಟದ ಬಿಡುವಿನಲ್ಲಿ ಅವಳ ಕಚೇರಿಯ ಕ್ಯಾಂಟೀನಿಗೆ ಹೋಗಿ ಅವಳೆದುರು ಕೂತ. "ನೀನೇ ತಾನೆ?"

ಯಿಟ್ಕಾ ಕರಿದ ಚೀಸ್ ಅಗಿಯುತ್ತಲೇ ಪುಟ ತಿರುವಿದಳು. "ನಾನಲ್ಲ ಮಾರಾಯ. ನಾನಾಗಿದ್ರೆ ಆ ತಗಡು ಬ್ಯಾಂಡನ್ನ ಹೀಗೆ ಹೊಗಳ್ತಿದ್ನಾ? ಆದ್ರೂ ನಿಂಗಿಂತ ಚೆನ್ನಾಗಿ ಬರ್ದಿದಾರೆ. ಹೊಟ್ಟೆ ಉರ್ಕೋಬೇಡ."

ಹೊಟ್ಟೆ ಉರಿದದ್ದು ನಿಜ. ಆದರೆ ಅವಳ ನಗು ಒಂದು ಪಾವು ಹೆಚ್ಚಾಯಿತೆಂದೂ ಅನ್ನಿಸಿತು. ಹುಡುಗಿ ಸುಳ್ಳು ಹೇಳುತ್ತಿದ್ದಾಳೆ. ಅವಳನ್ನು ಎಳೆದೊಯ್ಯುವ ಮೊದಲು ತಾನೇ ತಲೆ ಕೊಡುವುದು ಎಂದು ತೀರ್ಮಾನಿಸಿದ.

ಮೂರು ಗಂಟೆಗೆ ಹನಾಕರ ಮೇಜಿನ ಮೇಲೆ ಸಂಚಿಕೆ ಇಟ್ಟ. "ನನ್ನದೇ ಕೆಲಸ ಸರ್. ಬೇರೆ ಯಾರ ಕೈವಾಡಾನೂ ಇಲ್ಲ."

"ಪೂರ್ತಿ ನಿಮ್ಮದಾ?"

"ಒಂದೊಂದು ಅಕ್ಷರಾನೂ."

"ಈ ಗ್ಯಾರೇಜಿನ ವಿಮರ್ಶೆ?"

"ಅದೂ ನಾನೇ ಬರ್ದಿದ್ದು."

ಹನಾಕರ ಮುಖ ಕೆಂಡವಾಯಿತು. "ಕುಬಾತ್ ಅವರೇ, ಮಾಡದೇ ಇರೋ ಕೆಲಸಾನ ಮಾಡಿದೆ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗಲ್ವಾ ನಿಮಗೆ?"

ಹನಾಕ್ ಎದ್ದು ಬಾಗಿಲಿಗೆ ಚಿಲಕ ಹಾಕಿದರು. ಮತ್ತೆ ಬಂದು ಕೂತು, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿದರು.

"ವರದಿ ಬರೆಯೋದು ನನಗೆ ನೀರು ಕುಡಿದಷ್ಟು ಸುಲಭ, ಸಂಪಾದಕೀಯ ಮಾತ್ರ ಏನು ಮಾಡಿದ್ರೂ ಬರ್ತಿಲ್ಲ, ಹತ್ತನೇ ಸಂಚಿಕೆಗೆ ನೀವೇ ಒಂದು ಬರ್ಕೊಡಿ."