ಸೆರಗಿನಲ್ಲಿ ಹರಿದ ಗಂಗೆ

"ನಮ್ಮವ್ವ ಎಲ್ಲಿ?"

ಹರೀಶ ತಳ್ಳಿದ ರಭಸಕ್ಕೆ ಸ್ಟುಡಿಯೋದ ಗಾಜಿನ ಬಾಗಿಲು ಗೋಡೆಗೆ ಬಡಿದು ನಡುಗಿತು. ಕಂಪ್ಯೂಟರ್ ಮುಂದೆ ಕೂತಿದ್ದ ತರುಣ ಎದ್ದು ನಿಂತ. ಬಂದವನನ್ನು ನೋಡಿದ್ದೇ ಅವನ ಮುಖ ಬಿಳಿಚಿಕೊಂಡಿತು. ಹರೀಶನಿಗೆ ಖಾತ್ರಿಯಾಯಿತು. ಕಳ್ಳ ಇವನೇ.

"ಕೂಡ್ರಿ ಅಣ್ಣಾ. ನೀರು ಕುಡೀರಿ."

"ನಿನ್ನ ನೀರು ಕುಡಿಯಾಕ ದಾವಣಗೆರೆಯಿಂದ ಹರಿಹರಕ್ಕೆ ಬಂದಿಲ್ಲ ನಾನು. ಈ ವಿಡಿಯೋ ಮಾಡಿದ್ದು ನೀನೇ ಹೌದೋ ಅಲ್ವೋ?"

ಅವನು ಚಾಚಿದ ಮೊಬೈಲಿನಲ್ಲಿ ತಾಯಿ ಉಚ್ಚೆಂಗೆಮ್ಮ ಕೈಮುಗಿದು ನಿಂತಿದ್ದಳು. ಹಿಂದೆ ಕಾಶಿಯ ಘಾಟು, ಸಾಲು ದೀಪ, ದೋಣಿಗಳು. "ಕಣ್ತುಂಬ ನೋಡಿದ್ನಪ್ಪ," ಎನ್ನುತ್ತಿದ್ದಳು. "ಇಷ್ಟು ದಿನ ಬದುಕಿದ್ದಕ್ಕೆ ಸಾರ್ಥಕ ಆತು."

ಒಂಬತ್ತು ದಿನದ ಹಿಂದೆ ಹರೀಶನೇ ಅವಳನ್ನು ಕಾಶಿಯಾತ್ರೆಯ ಬಸ್ಸು ಹತ್ತಿಸಿದ್ದ. ಅವ್ವನ ಹತ್ತಿರ ಇರುವುದು ಬಟನ್ ಫೋನು, ಫೋಟೋ ವಿಡಿಯೋ ಕಳಿಸಲು ಬಾರದು. ಹಾಗಾಗಿ ಹೆಂಡತಿ ಶಾಂತಲಾ ಒಂದು ನಂಬರನ್ನು "ಗೈಡ್" ಎಂದು ಅವನ ಮೊಬೈಲಿನಲ್ಲಿ ಸೇರಿಸಿಕೊಟ್ಟಿದ್ದಳು. ಮೊನ್ನೆ ಅವಳೂ ರಾಣೆಬೆನ್ನೂರಿನ ತವರಿಗೆ ಹೋಗಿದ್ದಳು. ನಿನ್ನೆ ಸಂಜೆ ಆ ನಂಬರಿನಿಂದ ವಿಡಿಯೋ ಬಂತು.

ಈ ಬೆಳಿಗ್ಗೆ ತನ್ನ ಪಂಪ್‌ಸೆಟ್ ಅಂಗಡಿಗೆ ಬಂದವರಿಗೆಲ್ಲ ಹರೀಶ ಅದನ್ನು ತೋರಿಸುತ್ತಿದ್ದ. ಮದುವೆ ವಿಡಿಯೋ ತೆಗೆಯುವ ಬಕ್ಕೇಶ ನೋಡಿ ನಕ್ಕುಬಿಟ್ಟ.

"ಸೀರೆ ಅಂಚು ನೋಡಲೇ ಹರೀಶ."

ಅವ್ವನದು ಹಸಿರು ಅಂಚಿನ ಸೀರೆ. ಆ ಅಂಚಿನೊಳಗೇ ಗಂಗೆ ಹರಿಯುತ್ತಿದ್ದಳು. ದೋಣಿಯೊಂದು ಅವಳ ಸೆರಗಿನಲ್ಲಿ ತೇಲುತ್ತಾ ಹೋಯಿತು.

"ಹಿಂದೆ ಹಸಿರು ಬಟ್ಟೆ ಕಟ್ಟಿ ಶೂಟ್ ಮಾಡ್ತಾರ," ಎಂದ ಬಕ್ಕೇಶ. "ಆಮ್ಯಾಲೆ ಹಸಿರು ಇದ್ದಲ್ಲೆಲ್ಲ ಕಂಪ್ಯೂಟರಿನಾಗ ಬೇರೆ ಜಾಗ ಕೂಡಿಸ್ತಾರ. ಬಟ್ಟೆ ಜತೆ ಸೀರೆ ಅಂಚೂ ಹೋಗೈತೆ. ಇದು ಕಾಶಿ ಅಲ್ಲ ಬಿಡು."

ಹರೀಶನ ಪಿತ್ತ ನೆತ್ತಿಗೇರಿತು. ಯಾತ್ರೆಯ ಏಜೆಂಟನಿಗೆ ಫೋನ್ ಹಚ್ಚಿದ. "ನಿಮ್ಮ ತಾಯಿ ಹರಿಹರದಾಗೇ ಇಳಿದ್ರಲ್ರೀ. ಮಗಗೆ ಗೊತ್ತೈತೆ ಅಂದ್ರು." ಹಸಿ ಸುಳ್ಳು! ಹತ್ತು ವರ್ಷ ಕಾಶಿ ಕಾಶಿ ಎಂದು ಜಪಿಸಿದವಳು ಅರ್ಧ ತಾಸಿನ ದಾರಿಗೆ ಇಳಿದುಬಿಡುತ್ತಾಳೆಯೇ? ಗೈಡ್ ನಂಬರನ್ನು ಹಣ ಕಳಿಸುವ ಆ್ಯಪಿಗೆ ಹಾಕಿ ನೋಡಿದ. ಹೆಸರು ಮೂಡಿತು: ಹೊಸಬೆಳಕು ಸ್ಟುಡಿಯೋ, ಹರಿಹರ.

ಹೊರಡುವ ಮೊದಲು ಶಾಂತಲಾಗೆ ಫೋನ್ ಮಾಡಿ ಹೇಳಿದ. "ಹೋಗಬ್ಯಾಡ್ರಿ," ಎಂದಳು ಅವಳು. "ಅತ್ತೆ ಬರ್ಲಿ, ಅವರನ್ನೇ ಕೇಳೋಣು." ಜಗಳವೆಂದರೆ ಮೊದಲಿನಿಂದಲೂ ಹೆದರುವವಳು. ಹರೀಶ ಬೈಕಿಗೆ ಕಿಕ್ ಹೊಡೆದಿದ್ದ.

ಅವನ ಸಿಟ್ಟು ಓಣಿಗೇ ಗೊತ್ತು. ಮೂರು ವರ್ಷದ ಹಿಂದೆ ತಂಗಿ ಸುನೀತಾ ತನ್ನ ಜತೆಗೆ ಓದಿದ ತಾರಿಕ್ ಎಂಬವನನ್ನು ಮದುವೆಯಾದಾಗ, ಆ ಹುಡುಗ ಹೇಗಿದ್ದಾನೆಂದೂ ನೋಡದೆ ಇಬ್ಬರಿಗೂ ಬಾಗಿಲು ಮುಚ್ಚಿದ್ದ. ಗೋಡೆಯ ಮೇಲಿದ್ದ ಮನೆಮಂದಿಯ ಫೋಟೋದಿಂದ ಅವಳನ್ನು ಕಂಪ್ಯೂಟರಿನಲ್ಲಿ ಅಳಿಸಿಸಿ, ಆ ಜಾಗಕ್ಕೆ ಹೂಕುಂಡ ಕೂಡಿಸಿಕೊಂಡು ಬಂದಿದ್ದ. "ಅವಳ ಹೆಸರೆತ್ತಿದವರು ನನ್ನ ಪಾಲಿಗೆ ಸತ್ತಂಗೆ," ಎಂದಿದ್ದ. ಆಮೇಲೆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಇಂಥವನಿಗೇ ಮೋಸ!

ಈಗ ತರುಣನ ಕೊರಳಪಟ್ಟಿ ಹರೀಶನ ಮುಷ್ಟಿಯಲ್ಲಿತ್ತು.

"ಮುದುಕೀನ ಎಲ್ಲಿ ಬಿಟ್ಟಿ? ಏಜೆಂಟು ನೀನು ಕೂಡಿ ಇನ್ನೆಷ್ಟು ಮಂದೀಗೆ ಟೋಪಿ ಹಾಕೀರಿ?"

"ಅವ್ರು ಆರಾಮದಾರ ಅಣ್ಣಾ. ಮೆಲ್ಲಗೆ ಮಾತಾಡ್ರಿ."

"ಮೆಲ್ಲಗೆ? ಇಲ್ಲದ ಜಾಗ ತೋರ್ಸಾಕ ನಾಚಿಕೆ ಆಗಂಗಿಲ್ಲ ನಿಂಗೆ?"

"ಆಗತೈತೆ." ತರುಣ ತಲೆ ತಗ್ಗಿಸಿದ. "ಆದ್ರ ಅವ್ರು ಇದ್ದ ಜಾಗ ತೋರ್ಸಿದ್ರ ನೀವು ನೋಡ್ತಿರಲಿಲ್ಲ."

ಏಟು ಬಿದ್ದ ಸದ್ದಿಗೆ ಹೊರಗೆ ನಿಂತಿದ್ದವರು ತಿರುಗಿ ನೋಡಿದರು. ತರುಣ ತತ್ತರಿಸಿ ಮೇಜು ಹಿಡಿದುಕೊಂಡ. ಬೆರಳುಗಳ ಗುರುತು ಕೆನ್ನೆಯ ಮೇಲೆ ಕೆಂಪಗೆ ಎದ್ದಿತ್ತು. ಆದರೂ ಕೈ ಎತ್ತಲಿಲ್ಲ. ಕೋಣೆಯ ಕೊನೆಯಲ್ಲಿ ಸೂರಿನಿಂದ ನೆಲದವರೆಗೆ ಇಳಿಬಿಟ್ಟಿದ್ದ ಹಸಿರು ಬಟ್ಟೆಯತ್ತ ಒಮ್ಮೆ ನೋಡಿದ, ಅಷ್ಟೇ. ಆ ಸಹನೆ ಹರೀಶನನ್ನು ಇನ್ನಷ್ಟು ಕೆರಳಿಸಿತು.

"ತಡಿ. ರಾಣೆಬೆನ್ನೂರಿನಿಂದ ನನ್ನ ಹೆಂಡ್ತಿ ಅಣ್ಣತಮ್ಮಂದಿರನ್ನ ಕರೆಸ್ತೀನಿ. ನಿನ್ನ ಅಂಗಡಿ ಉಳಿಯಂಗಿಲ್ಲ ಇವತ್ತು."

ಶಾಂತಲಾಳ ನಂಬರ್ ಒತ್ತಿ ಮೊಬೈಲನ್ನು ಕಿವಿಗಿಟ್ಟ.

ಫೋನು ಹಸಿರು ಬಟ್ಟೆಯ ಹಿಂದೆ ರಿಂಗಾಯಿತು.

ಹರೀಶ ಕಿವಿಯಿಂದ ಮೊಬೈಲು ಇಳಿಸಿದ. ರಿಂಗಾಗುತ್ತಲೇ ಇತ್ತು. ಬಟ್ಟೆ ಪಕ್ಕಕ್ಕೆ ಸರಿಯಿತು. ಹಿಂದೆ ಮನೆಯೊಳಗೆ ಹೋಗುವ ಬಾಗಿಲು. ಹೊಸ್ತಿಲಲ್ಲಿ ಶಾಂತಲಾ, ಕೈಯಲ್ಲಿ ಬಡಿದುಕೊಳ್ಳುತ್ತಿದ್ದ ಫೋನನ್ನು ನಿಲ್ಲಿಸುವುದನ್ನೂ ಮರೆತು ನಿಂತಿದ್ದಳು. ಅವಳ ಪಕ್ಕದಲ್ಲಿ ಉಚ್ಚೆಂಗೆಮ್ಮ. ಹೆಗಲ ಮೇಲೆ ಬಟ್ಟೆಯಲ್ಲಿ ಸುತ್ತಿದ ಎಳೆಗೂಸು.

"ಅವ್ವಾ..." ಎಂದ ಹರೀಶ.

ಉಚ್ಚೆಂಗೆಮ್ಮ ಮಗನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕೂಸಿನ ಬೆನ್ನು ತಟ್ಟುತ್ತಾ ಅವನನ್ನು ದಾಟಿ ಮುಂದೆ ಬಂದಳು.

"ತಾರಿಕ್, ಕೆನ್ನಿಗೆ ತಣ್ಣೀರು ಹಚ್ಕೋಳಪ್ಪ."