ಒಂಬತ್ತು ಹೆಸರಿನ ಕೌದಿ

ವಸ್ತುಗಳು ತಮ್ಮ ಒಡೆಯರ ಹೆಸರನ್ನು ತಾವೇ ಹೇಳತೊಡಗಿದ ಮೇಲೆ ಹಾಸ್ಟೆಲುಗಳಲ್ಲಿ ಯಾರಿಗೂ ಬೀಗ ಬೇಕಾಗಲಿಲ್ಲ. ಸೇರುವ ದಿನ ವಾರ್ಡನ್ ಇಂದಿರಾಬಾಯಿ ಬಾಗಿಲಲ್ಲಿ ಕೂತು, ಪ್ರತಿಯೊಂದನ್ನೂ ಮುಟ್ಟಿ ಕೇಳುತ್ತಿದ್ದರು. ಹುಡುಗಿಯ ಹೆಸರು ಹೇಳದ ವಸ್ತು ಕದ್ದ ಮಾಲೆಂದು ಉಗ್ರಾಣ ಸೇರುತ್ತಿತ್ತು.

ನೀಲಗಂಗಾಳ ಟ್ರಂಕು, ಬಕೆಟ್ಟು ಎರಡೂ ಅವಳ ಹೆಸರನ್ನೇ ಹೇಳಿದವು. ಅಜ್ಜಿ ಕೊಟ್ಟ ಕೌದಿ ಮಾತ್ರ ತುಂಡಿಗೊಂದು ಹೆಸರು ಹೇಳಿತು: ಗುರವ್ವ, ಸಾವಂತ್ರಿ, ಬಾಳವ್ವ...

"ಏಳು ಹೆಸರ ಬಂದ್ವು. ನಿಂದ ಇಲ್ಲಲ್ಲ ಯವ್ವಾ?" ಎಂದರು ಇಂದಿರಾಬಾಯಿ.

"ಎಲ್ಲಾರೂ ನಮ್ಮ ಮನಿಯಾವ್ರ ರೀ. ಅವರ ಹಳೇ ಸೀರಿಲೆ ಹೊಲದದ್ದು."

"ಇರಬಹುದು. ಉಗ್ರಾಣಕ್ಕ ಹಾಕು."

"ಹಾಕಂಗಿಲ್ರಿ."

ನೀಲಗಂಗಾ ಬಾಗಿಲಿಗಡ್ಡ ಕೂತು, ತನ್ನ ಓಢಣಿಯ ಅಂಚನ್ನು ಪರ್ರನೆ ಹರಿದಳು. ಹಿಂದೆ ನಿಂತಿದ್ದ ಗುರುತಿಲ್ಲದ ಹುಡುಗಿ ತನ್ನ ಚೀಲದಿಂದ ಸೂಜಿದಾರ ತೆಗೆದುಕೊಟ್ಟಳು. ನೀಲಗಂಗಾ ಆ ತುಂಡನ್ನು ಕೌದಿಯ ಒಂದು ಮೂಲೆಗೆ ಹೊಲಿಯತೊಡಗಿದಳು. ಆಮೇಲೆ ತಾನೂ ಪಕ್ಕದಲ್ಲಿ ಕೂತು, ಇನ್ನೊಂದು ಮೂಲೆಗೆ ತನ್ನ ಕರವಸ್ತ್ರ ಹೊಲಿಯತೊಡಗಿದಳು.

"ಒಬ್ಬಾಕಿದಂದ್ರ ಕಸಗೊಂತಾರ. ನಂದೂ ಇರ್ಲಿ."

ಸಾಲು ಗೇಟಿನವರೆಗೆ ಬೆಳೆಯಿತು. ವಾರ್ಡನ್ ಎಷ್ಟು ಗದರಿದರೂ ಇಬ್ಬರೂ ತಲೆಯೆತ್ತಲಿಲ್ಲ. ಮತ್ತೆ ಮುಟ್ಟಿ ಕೇಳಿದಾಗ ಕೌದಿ ಒಂಬತ್ತು ಹೆಸರು ಹೇಳಿತು. ಕೊನೆಯವೆರಡು ನೀಲಗಂಗಾ, ಶಮಶಾದ್.

"ಕೌದಿ ಒಂದು, ಹುಡುಗ್ಯಾರು ಇಬ್ಬರು. ಯಾವ ಖೋಲಿಗೆ ಬರಕೊಳ್ಳಲಿ?" ಎಂದು ಇಂದಿರಾಬಾಯಿ ಹಣೆ ಒತ್ತಿಕೊಂಡರು.

"ಇಬ್ಬರಿಗೂ ಒಂದ ಖೋಲಿ ಬರಕೋರಿ," ಎಂದವಳೇ ನೀಲಗಂಗಾ ಕೌದಿಯನ್ನು ಹೆಗಲಿಗೇರಿಸಿ ಒಳನಡೆದಳು.