ತಣ್ಣಗಾದ ಚೆಂಬು

ಸತ್ತವರು ಮೂರನೇ ದಿನಕ್ಕೆ ಒಂದು ಹಿಡಿ ಉಪ್ಪಾಗುವ ಕಾಲವದು. ಆ ಉಪ್ಪನ್ನು ತಾಮ್ರದ ಚೆಂಬಿನ ನೀರಿಗೆ ಹಾಕಿ, ಕರಗುವವರೆಗೆ ಮನೆಯವರೆಲ್ಲ ಸರದಿಯಂತೆ ಹಿಡಿದಿದ್ದು, ಆಮೇಲೆ ಹೊಳೆಗೆ ಬಿಡುವುದು ಪದ್ಧತಿ. ಚೆಂಬು ಬೆಚ್ಚಗಾದರೆ ಹೋದವರು ಸಂತೋಷವಾಗಿ ಹೋದರೆಂದು ನಂಬಿಕೆ. ತಣ್ಣಗಾದರೆ ಮನೆಯವರ ಮೇಲೆ ಮುನಿಸು.

ಗಂಡ ಮರಿಲಿಂಗಯ್ಯ ಸಾಯುವ ಹಿಂದಿನ ವಾರ ಕಾಳಮ್ಮಣ್ಣಿ ಅವನೊಂದಿಗೆ ಮಾತು ಬಿಟ್ಟಿದ್ದಳು. ನೆಂಟರ ಮುಂದೆ ಅದು ಬಯಲಾಗದಿರಲೆಂದು ಚೆಂಬಿಗೆ ಗುಟ್ಟಾಗಿ ಹಂಡೆಯ ಬಿಸಿನೀರು ಬೆರೆಸಿಕೊಂಡು ಹೊಳೆಗೆ ಬಂದಿದ್ದಳು.

ಉಪ್ಪು ಬಿದ್ದದ್ದೇ ತಡ, ಆ ಬಿಸಿಯೂ ಆರಿ, ಚೆಂಬು ಬಾವಿಯ ಕಲ್ಲಿನಂತೆ ತಣ್ಣಗಾಯಿತು. ಮುಟ್ಟಿ ನೋಡಿದ ನೆಂಟರು ಮುಖ ಮುಖ ನೋಡಿಕೊಂಡರು. ಕಾಳಮ್ಮಣ್ಣಿ ತಲೆ ತಗ್ಗಿಸಿದಳು.

ನಾದಿನಿ ಸಿದ್ದಾಜಮ್ಮ ಬಂದು ಅವಳ ಕೈಗಳ ಮೇಲೆ ತನ್ನ ಕೈ ಇಟ್ಟಳು. "ಯಾಕತ್ತಿಗೆ ತಲೆ ತಗ್ಗಿಸ್ತೀಯ? ಸಲೀಸಾಗಿ ಬಿಟ್ಟೋಗೋರಿಗೆ ಬಿಸಿ ಯಾಕೆ ಬೇಕು? ನಿನ್ನಿಂದ ಬಿಡಿಸ್ಕೊಳ್ಳಕ್ಕೆ ಆಗ್ತಿಲ್ಲ ನಮ್ಮಣ್ಣಂಗೆ. ಅದಕ್ಕೇ ನಿನ್ ಕೈ ಬಿಸಿಯ ಎಳ್ಕತಾವ್ನೆ. ಅವ್ನಿಗೆ ಆ ಬಿಸಿಯ ಕೊಡು."

ಕಾಳಮ್ಮಣ್ಣಿ ಚೆಂಬನ್ನು ಎದೆಗವಚಿಕೊಂಡಳು. ಕೊನೆಯ ಹರಳು ಕರಗುವವರೆಗೂ ಅದನ್ನು ಬೇರೆ ಯಾರ ಕೈಗೂ ಕೊಡಲಿಲ್ಲ.